ನಿಂತುಹೋದ ಕೆಲಸವೂ ಪುನಃ ಎದ್ದ ಆಲಯವೂ

ಯೆರೂಸಲೇಮಿನ ದೇವಾಲಯವೆಂದ ಕೂಡಲೆ ನಮ್ಮ ಮನಸ್ಸು ಸೊಲೊಮೋನನ ಕಡೆಗೆ ಓಡುತ್ತದೆ. ಅವನು ಏಳು ವರುಷಗಳ ಕಾಲ ಕಟ್ಟಿಸಿದ ಆ ಆಲಯದ ಉದ್ದ 60 ಮೊಳ, ಅಗಲ 20 ಮೊಳ, ಎತ್ತರ 30 ಮೊಳ. ಒಳಗೋಡೆಗಳಿಗೆಲ್ಲಾ ದೇವದಾರು ಹಲಗೆ, ಹಲಗೆಯ ಮೇಲೆ ಬಂಗಾರ. ಅದರ ವೈಭವವನ್ನು ಕುರಿತು ನಾವು ಅನೇಕ ಸಾರಿ ಕೇಳಿದ್ದೇವೆ. ಆದರೆ ಅದೇ ಸ್ಥಳದಲ್ಲಿ ಎರಡನೆಯ ಸಾರಿ ಎದ್ದ ಆಲಯದ ಚರಿತ್ರೆಯನ್ನು ನಾವು ಅಷ್ಟಾಗಿ ವಿಚಾರಿಸುವದಿಲ್ಲ. ಅದನ್ನು ಕಟ್ಟಿದವರಲ್ಲಿ ಅರಸನಿರಲಿಲ್ಲ. ಸೆರೆಯಿಂದ ತಿರಿಗಿ ಬಂದು, ಪಾಳುಬಿದ್ದ ಹೊಲಗಳನ್ನು ಹಸನುಮಾಡಿಕೊಂಡು ಜೀವಿಸುತ್ತಿದ್ದ ಜನರು ಅದನ್ನು ಕಟ್ಟಿದರು. ಆ ಕೆಲಸವು ಸಂತೋಷದಿಂದ ಆರಂಭವಾಯಿತು, ಭಯದಿಂದ ನಿಂತಿತು, ಸುಮಾರು 16 ವರುಷ ಹಾಗೆಯೇ ಬಿದ್ದಿತ್ತು, ಆಮೇಲೆ ದೇವರ ವಾಕ್ಯದಿಂದ ಪುನಃ ಎದ್ದಿತು. ಒಳ್ಳೇ ಕೆಲಸಗಳನ್ನು ಆರಂಭಿಸಿ ಅರ್ಧದಲ್ಲಿ ಬಿಟ್ಟಿರುವ ನಮ್ಮಂಥ ಚಿಕ್ಕ ಸಭೆಗಳವರಿಗೆ ಇದಕ್ಕಿಂತ ಹತ್ತಿರವಾದ ಪಾಠವು ಹಳೇ ಒಡಂಬಡಿಕೆಯಲ್ಲಿ ಅಪರೂಪ. ಎಜ್ರನ ಗ್ರಂಥದ ಮೊದಲನೆಯ ಆರು ಅಧ್ಯಾಯಗಳನ್ನೂ ಹಗ್ಗಾಯನ ಎರಡು ಅಧ್ಯಾಯಗಳನ್ನೂ ಜೆಕರ್ಯನ 4ನೆಯ ಅಧ್ಯಾಯವನ್ನೂ ಮುಂದಿಟ್ಟುಕೊಂಡು ಈ ಪಾಠವನ್ನು ಓದಬೇಕೆಂದು ಓದುಗರನ್ನು ಬೇಡಿಕೊಳ್ಳುತ್ತೇವೆ.

ಚರಿತ್ರೆ

ಕ್ರಿ. ಪೂ. 586ನೆಯ ವರುಷದಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನ ಸೈನ್ಯವು ಸೊಲೊಮೋನನ ಆಲಯವನ್ನು ಸುಟ್ಟುಬಿಟ್ಟು, ಜನರನ್ನು ಸೆರೆಯಾಗಿ ಒಯ್ದಿತು. ಕ್ರಿ. ಪೂ. 539ರಲ್ಲಿ ಪಾರಸಿಯ ಅರಸನಾದ ಕೋರೆಷನು ಬಾಬೆಲನ್ನು ಹಿಡಿದನು. ಮರುವರುಷ ಅವನು ಯೆಹೂದ್ಯರಿಗೆ, ನಿಮ್ಮ ದೇಶಕ್ಕೆ ಹೋಗಿ ನಿಮ್ಮ ದೇವರ ಆಲಯವನ್ನು ಕಟ್ಟಿಕೊಳ್ಳಿರಿ ಎಂದು ಅಪ್ಪಣೆಕೊಟ್ಟನು. 1879ರಲ್ಲಿ ಬಾಬೆಲಿನ ಹಾಳು ದಿಬ್ಬಗಳಲ್ಲಿ ಸಿಕ್ಕಿ ಈಗ ಲಂಡನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಮಣ್ಣಿನ ಉರುಳೆಯ ಮೇಲೆ ಕೋರೆಷನ ಶಾಸನವಿದೆ. ಅದರಲ್ಲಿ ಯೆರೂಸಲೇಮಿನ ಹೆಸರಿಲ್ಲದಿದ್ದರೂ, ಅವನು ಬೇರೆ ಬೇರೆ ಜನಾಂಗಗಳವರನ್ನು ಅವರವರ ಸ್ಥಳಗಳಿಗೆ ಕಳುಹಿಸಿ ಪಾಳುಬಿದ್ದ ಗುಡಿಗಳನ್ನು ತಿರಿಗಿ ನಿಲ್ಲಿಸಿದ ಸಂಗತಿಯು ಬರೆದದೆ. ಇದರಿಂದ ಆ ಅರಸನ ರಾಜನೀತಿಯು ಹೇಗಿತ್ತೆಂಬದು ತಿಳಿದುಬರುತ್ತದೆ.

ಹೀಗೆ ಹೊರಟು ಬಂದವರು 42,360 ಜನರು. ಅವರೊಂದಿಗೆ 7,337 ದಾಸದಾಸಿಯರು. ಅವರು ಏರಿಬಂದ ಪಶುಗಳ ಲೆಕ್ಕವೂ ಬರೆದಿದೆ: ಕುದುರೆಗಳು 736, ಕತ್ತೆಗಳು 6,720. ಕುದುರೆಗಿಂತ ಕತ್ತೆಯೇ ಒಂಭತ್ತು ಪಾಲು ಹೆಚ್ಚಾಗಿದ್ದ ಆ ಗುಂಪು ಎಂಥವರದೆಂದು ಬೇರೆ ಹೇಳಬೇಕಾದದ್ದಿಲ್ಲ. ನೆಬೂಕದ್ನೆಚ್ಚರನು ಒಯ್ದಿದ್ದ ಆಲಯದ ಪಾತ್ರೆಗಳಲ್ಲಿ 5,400 ಪಾತ್ರೆಗಳನ್ನು ಕೋರೆಷನು ಎಣಿಸಿ ಹಿಂದಕ್ಕೆ ಕೊಟ್ಟನು. ಜೆರುಬ್ಬಾಬೆಲನೆಂಬ ಅಧಿಕಾರಿಯೂ ಯೇಷೂವನೆಂಬ ಮಹಾಯಾಜಕನೂ ಜನರಿಗೆ ಮುಖಂಡರಾಗಿದ್ದರು.

1. ಗೋಡೆಗಿಂತ ಮೊದಲು ಯಜ್ಞವೇದಿ

ಬಂದವರು ಮೊದಲು ಮಾಡಿದ್ದೇನು? ಏಳನೆಯ ತಿಂಗಳಲ್ಲಿ ಎಲ್ಲರೂ ಯೆರೂಸಲೇಮಿನಲ್ಲಿ ಕೂಡಿಕೊಂಡು, ಹಳೇ ಯಜ್ಞವೇದಿ ಇದ್ದ ಸ್ಥಳದಲ್ಲಿಯೇ ಅದನ್ನು ಪುನಃ ಕಟ್ಟಿ, ಬೆಳಿಗ್ಗೆಯೂ ಸಾಯಂಕಾಲವೂ ಹೋಮಬಲಿಗಳನ್ನು ಸಮರ್ಪಿಸತೊಡಗಿದರು. ಆಗ ಆಲಯದ ಅಸ್ತಿವಾರವೂ ಹಾಕಿರಲಿಲ್ಲ. ಸುತ್ತಲೂ ಇದ್ದ ಜನರ ಭಯವು ಅವರಿಗಿತ್ತೆಂದು ಎಜ್ರನ ಗ್ರಂಥವು ಮರೆಮಾಜದೆ ತಿಳಿಸುತ್ತದೆ. ಭಯವಿದ್ದದರಿಂದಲೇ ಅವರು ಮೊದಲು ಪ್ರಾರ್ಥನೆಯ ಸ್ಥಳವನ್ನು ಹುಡುಕಿದರು.

ಇದರಿಂದ ನಾವು ಕಲಿಯತಕ್ಕದ್ದು ಏನಂದರೆ, ಕಟ್ಟಡವಾದ ಮೇಲೆ ಆರಾಧನೆ ಎಂದು ಕಾಯುವ ಸಭೆಯು ಹಿಂದುಮುಂದಾಗಿ ನಡೆಯುತ್ತದೆ. ಒಂದು ಊರಲ್ಲಿ ನಾಲ್ಕು ಮನೆಯವರು ಮಾತ್ರ ವಿಶ್ವಾಸಿಗಳಾಗಿರಬಹುದು. ಕೂಡುವದಕ್ಕೆ ಒಂದು ಜಗುಲಿ ಮಾತ್ರ ಇರಬಹುದು. ಅಲ್ಲಿ ಬೆಳಿಗ್ಗೆ ಸಾಯಂಕಾಲ ಪ್ರಾರ್ಥನೆಯು ತಪ್ಪದೆ ನಡೆಯುವದಾದರೆ ಯಜ್ಞವೇದಿಯು ಆಗಲೇ ಎದ್ದಿತು. ಅದಿಲ್ಲದೆ ಕಲ್ಲುಗೋಡೆಗಳನ್ನು ಎಬ್ಬಿಸಿದರೆ ಅದು ಬರೀ ಮನೆಯಾಗಿರುವದು.

2. ಅಳುವವರೂ ಆರ್ಭಟಿಸುವವರೂ

ಆಮೇಲೆ ಅವರು ತಂತಮ್ಮ ಶಕ್ತಿಗೆ ತಕ್ಕಂತೆ ಹಣಕೊಟ್ಟರು. ತೂರ್ ಚೀದೋನ್ ಪಟ್ಟಣಗಳವರಿಗೆ ಆಹಾರವನ್ನೂ ಎಣ್ಣೆಯನ್ನೂ ಕೊಟ್ಟು, ಲೆಬನೋನಿನ ದೇವದಾರು ಮರಗಳನ್ನು ಸಮುದ್ರದ ಮೇಲೆ ಯೊಪ್ಪಕ್ಕೆ ತರಿಸಿಕೊಂಡರು. ಬಂದ ಎರಡನೆಯ ವರುಷದ ಎರಡನೆಯ ತಿಂಗಳಲ್ಲಿ, ಅಂದರೆ ಸುಮಾರು ಕ್ರಿ. ಪೂ. 536ರಲ್ಲಿ, ಅಸ್ತಿವಾರ ಹಾಕುವ ಕೆಲಸವು ಆರಂಭವಾಯಿತು. ಅಸ್ತಿವಾರ ಬಿದ್ದಾಗ ಯಾಜಕರು ತುತೂರಿಗಳನ್ನು ಊದಿದರು, ಲೇವಿಯರು ತಾಳ ಹೊಡೆದರು, ಜನರೆಲ್ಲರೂ ಆರ್ಭಟಿಸಿದರು. ಆದರೆ ಮೊದಲಿನ ಆಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ದೂರದಲ್ಲಿದ್ದವರಿಗೆ ಅಳುವ ಶಬ್ದ ಯಾವದು, ಸಂತೋಷದ ಶಬ್ದ ಯಾವದು ಎಂಬದು ತಿಳಿಯದೆ ಹೋಯಿತು.

ಈ ಮುದುಕರನ್ನು ನಾವು ಜರೆಯಬಾರದು. ಕಳಕೊಂಡದ್ದರ ಬೆಲೆಯನ್ನು ಬಲ್ಲವರು ಅವರು. ಜನರ ಪಾಪದಿಂದ ಏನು ಹಾಳಾಯಿತೆಂಬದನ್ನು ನೆನಸಿ ಅತ್ತರು. ಸಭೆಯಲ್ಲಿ ಅಂಥ ಕಣ್ಣೀರು ಬೇಕು. ಆದರೆ ಅದೇ ಕಣ್ಣೀರು ಹೆಚ್ಚು ಕಾಲ ಉಳಿದರೆ ಕಟ್ಟುವವರ ಕೈಗಳನ್ನು ಜೋಲಾಡಿಸುವದು. ಅನೇಕ ವರುಷಗಳಾದ ಮೇಲೆ ಸಹ ಈ ಹೋಲಿಕೆಯು ಜನರ ಮನಸ್ಸಿನಲ್ಲಿ ಉಳಿದಿತ್ತೆಂದು ಹಗ್ಗಾಯನ 2ನೆಯ ಅಧ್ಯಾಯದಿಂದ ತಿಳಿಯುತ್ತದೆ. ಹಿಂದಿನ ಬೋಧಕರ ಕಾಲದಲ್ಲಿ ಸಭೆ ಹೇಗಿತ್ತು, ಹಾಡು ಹೇಗಿತ್ತು ಎಂದು ಹಿರಿಯರು ದಿನಾಲು ಹೇಳುತ್ತಿದ್ದರೆ ಹುಡುಗರು ಕಲ್ಲೆತ್ತುವದಕ್ಕೆ ಮುಂದೆ ಬರುವದು ಹೇಗೆ? ಹುಡುಗರಾದರೂ ಹಿರಿಯರ ಅಳುವನ್ನು ನಗಬಾರದು. ಆ ದಿನ ದೇವರು ಎರಡು ಶಬ್ದಗಳನ್ನೂ ಒಟ್ಟಿಗೆ ಕೇಳಿದನು.

3. ಕೆಲಸವು ನಿಂತದ್ದು ಯಾಕೆ?

ಆ ದೇಶದಲ್ಲಿದ್ದ ಬೇರೆ ಜನರು ಬಂದು, ನಾವೂ ನಿಮ್ಮ ಸಂಗಡ ಕಟ್ಟುತ್ತೇವೆ ಎಂದರು. ಇವರು ಅಶ್ಶೂರದ ಅರಸರು ತಂದು ನೆಲೆಸಿದ ಜನಾಂಗಗಳವರು. ಯೆಹೋವನಿಗೂ ಭಯಪಟ್ಟು ತಮ್ಮ ದೇವರುಗಳನ್ನೂ ಸೇವಿಸುತ್ತಿದ್ದರೆಂದು ಅರಸುಗಳ ಎರಡನೆಯ ಗ್ರಂಥದ 17ನೆಯ ಅಧ್ಯಾಯವು ಹೇಳುತ್ತದೆ. ಜೆರುಬ್ಬಾಬೆಲನೂ ಹಿರಿಯರೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಅದಕ್ಕಾಗಿ ಅವರು ಕಟ್ಟುವವರನ್ನು ಬೆದರಿಸಿ, ಲಂಚಕೊಟ್ಟು ಆಲೋಚನೆಗಾರರನ್ನು ಎತ್ತಿಕಟ್ಟಿ, ಕೆಲಸವನ್ನು ನಿಲ್ಲಿಸಿಬಿಟ್ಟರು.

ಈ ನಿರಾಕರಣೆಯು ಕುಲದ ಹೆಮ್ಮೆಯಿಂದಾದದ್ದೋ ಎಂದು ಕೆಲವರು ಕೇಳಬಹುದು. ಉತ್ತರವು ಅದೇ ಗ್ರಂಥದ 6ನೆಯ ಅಧ್ಯಾಯದ ಕೊನೆಯಲ್ಲಿದೆ. ಆಲಯವು ಮುಗಿದ ಮೇಲೆ ಪಸ್ಕದ ಊಟಕ್ಕೆ ಕೂತವರು ಸೆರೆಯಿಂದ ಬಂದವರು ಮಾತ್ರವಲ್ಲ. ದೇಶದ ಜನಾಂಗಗಳ ಅಶುದ್ಧತ್ವವನ್ನು ಬಿಟ್ಟು ಯೆಹೋವನನ್ನು ಹುಡುಕುವದಕ್ಕೆ ಬಂದ ಎಲ್ಲರೂ ಅವರೊಂದಿಗೆ ಉಂಡರು. ಆದದರಿಂದ ಬಾಗಿಲು ಮುಚ್ಚಿದ್ದು ಎರಡು ದೋಣಿಗಳಲ್ಲಿ ಕಾಲಿಡುವ ಮನಸ್ಸಿಗೆ. ಹಳೆಯದನ್ನು ಬಿಟ್ಟು ಬಂದವನಿಗೆ, ಅವನ ತಂದೆ ಯಾರೇ ಆಗಿರಲಿ, ಅದು ತೆರೆದಿತ್ತು. ನಮ್ಮ ಸಭೆಯಲ್ಲಿ ಹೊಸದಾಗಿ ಬಂದವನ ಕುಲವನ್ನು ವಿಚಾರಿಸಿ ಚಾಪೆಯ ಅಂಚಿನಲ್ಲಿ ಕೂಡಿಸುವವರು ಈ ಪಸ್ಕದ ಪಂಕ್ತಿಯನ್ನು ನೋಡಲಿ.

ಆದರೆ ಇನ್ನೊಂದು ಮಾತನ್ನೂ ಗಮನಿಸಬೇಕು. ಕೆಲಸವನ್ನು ನಿಲ್ಲಿಸಿದವರು ವಿರೋಧಿಗಳು. ಅದು 16 ವರುಷ ನಿಂತೇ ಇದ್ದದ್ದಕ್ಕೆ ಹಗ್ಗಾಯನು ವಿರೋಧಿಗಳ ಹೆಸರನ್ನು ಎತ್ತುವದೇ ಇಲ್ಲ. ಜನರು ಆಲಯ ಕಟ್ಟುವ ಸಮಯವು ಇನ್ನೂ ಒದಗಲಿಲ್ಲವೆಂದು ಹೇಳಿಕೊಳ್ಳುತ್ತಾ, ತಾವು ಮಾತ್ರ ಹಲಗೆ ಹೊದಿಸಿದ ಮನೆಗಳಲ್ಲಿ ವಾಸವಾಗಿದ್ದರು. ಭಯವು ಮೊದಲು ಬಂತು. ಭಯವು ಕಡಿಮೆಯಾದಾಗ ಸುಖವು ಅದರ ಸ್ಥಳದಲ್ಲಿ ಕೂತಿತು. ಹಳೇ ಭಯವು ಸುಖಕ್ಕೆ ಒಂದು ನೆವವಾಯಿತು. ದೇವರ ಕೆಲಸವನ್ನು ಮಾಡುವದೇ ಇಲ್ಲವೆಂದು ಅವರಲ್ಲಿ ಯಾರೂ ಹೇಳಲಿಲ್ಲ. ಮಾಡೋಣ, ಈಗಲ್ಲ, ಎಂದರು. ಪ್ರಿಯರೇ, ನಮ್ಮಲ್ಲಿಯೂ ಇದೇ ಮಾತು ಕೇಳಬರುತ್ತದಲ್ಲವೋ? ಮಗಳ ಮದುವೆಯಾಗಲಿ, ಈ ಬೆಳೆ ಕೈಸೇರಲಿ, ಸಾಲ ತೀರಲಿ, ಆಮೇಲೆ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಇಡೋಣ, ನೆರೆಯವನ ಸಂಗಡ ಸಮಾಧಾನಮಾಡಿಕೊಳ್ಳೋಣ, ಮಕ್ಕಳಿಗೆ ವೇದಪಾಠ ಹೇಳೋಣ ಎನ್ನುತ್ತೇವೆ. ಹೀಗೆನ್ನುತ್ತಿರುವಾಗಲೇ 16 ವರುಷಗಳು ಕಳೆದುಹೋಗುತ್ತವೆ.

4. ವಾಕ್ಯವು ಬಂದಾಗ

ದಾರ್ಯಾವೆಷ ರಾಜನ ಎರಡನೆಯ ವರುಷ, ಆರನೆಯ ತಿಂಗಳಿನ ಮೊದಲನೆಯ ದಿನದಲ್ಲಿ, ಅಂದರೆ ಕ್ರಿ. ಪೂ. 520ರ ಆಗಸ್ಟ್ ತಿಂಗಳಿನ ಕೊನೆಯಲ್ಲಿ, ಹಗ್ಗಾಯನ ಬಾಯಿಂದ ಯೆಹೋವನ ವಾಕ್ಯವು ಉಂಟಾಯಿತು. ಬಹಳ ಬಿತ್ತಿದರೂ ಸ್ವಲ್ಪವೇ ಬೆಳೆಯುತ್ತೀರಿ. ಉಂಡರೂ ತೃಪ್ತಿಯಿಲ್ಲ, ಹೊದ್ದರೂ ಬೆಚ್ಚಗಾಗುವದಿಲ್ಲ. ಕೂಲಿಯು ತೂತುಚೀಲಕ್ಕೆ ಹಾಕಿದಂತಾಗುತ್ತದೆ. ನಿಮ್ಮ ಮಾರ್ಗಗಳನ್ನು ಆಲೋಚಿಸಿಕೊಳ್ಳಿರಿ, ಬೆಟ್ಟಕ್ಕೆ ಹೋಗಿ ಮರ ತನ್ನಿರಿ ಎಂಬದೇ ಆ ಪ್ರಸಂಗದ ಸಾರ.

ಇಲ್ಲಿ ನಾವು ಎಚ್ಚರವಾಗಿರಬೇಕು. ಆ ಅನಾವೃಷ್ಟಿಯು ದೇವರ ಶಿಕ್ಷೆಯೆಂದು ಹಗ್ಗಾಯನು ಹೇಳಿದ್ದು ಪ್ರವಾದಿಯಾಗಿ, ಆ ಜನರಿಗೆ, ಆ ವರುಷದ ಸಂಗತಿಯನ್ನು ಕುರಿತು. ಈ ಮಾತನ್ನು ಹಿಡುಕೊಂಡು, ಮಳೆಯಿಲ್ಲದೆ ಬೆಳೆ ಒಣಗಿದ ಬಡ ಸಹೋದರನ ಮನೆಗೆ ಹೋಗಿ, ನೀನು ಕಾಣಿಕೆ ಕೊಡದ್ದರಿಂದ ಹೀಗಾಯಿತು ಎನ್ನುವದಕ್ಕೆ ನಮಗೆ ಅಧಿಕಾರವಿಲ್ಲ. ಯೋಬನ ಸ್ನೇಹಿತರು ಹಾಗೆ ಮಾತಾಡಿ ದೇವರ ಕೋಪಕ್ಕೆ ಗುರಿಯಾದರು. ದೇವರು ನೀತಿವಂತರ ಹೊಲಕ್ಕೂ ಅನೀತಿವಂತರ ಹೊಲಕ್ಕೂ ಮಳೆ ಸುರಿಸುತ್ತಾನೆಂದು ನಮ್ಮ ಕರ್ತನು ಬೋಧಿಸಿದನು. ಸಿಲೊವಾಮಿನ ಗೋಪುರವು ಬಿದ್ದು ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲವೆಂತಲೂ ಹೇಳಿದನು. ಹಗ್ಗಾಯನ ಪ್ರಶ್ನೆಯನ್ನು ಪ್ರತಿಯೊಬ್ಬನು ತನ್ನ ಚೀಲದ ಕಡೆಗೆ ತಿರುಗಿಸಿಕೊಳ್ಳಲಿ. ಕುಡಿತ, ವ್ಯಾಜ್ಯ, ನಾಲ್ಕು ಜನರ ಮೆಚ್ಚಿಕೆಗೋಸ್ಕರ ಮಾಡಿದ ಸಾಲ, ಇಂಥ ತೂತುಗಳು ತನ್ನ ಚೀಲದಲ್ಲಿ ಉಂಟೋ ಎಂದು ತಾನೇ ನೋಡಿಕೊಳ್ಳಲಿ. ನೆರೆಯವನ ಚೀಲವನ್ನು ದೇವರೇ ಬಲ್ಲನು.

ಆ ಜನರು ಹಾಗೆಯೇ ಮಾಡಿದರು. ಪ್ರವಾದಿಯ ಮೇಲೆ ಕೋಪಗೊಳ್ಳಲಿಲ್ಲ, ಸಮಿತಿ ಕೂಡಿಸಿ ಮುಂದೂಡಲಿಲ್ಲ. ಅದೇ ತಿಂಗಳಿನ 24ನೆಯ ದಿನದಲ್ಲಿ ಕೆಲಸಕ್ಕೆ ಕೈಹಾಕಿದರು. 16 ವರುಷ ಬಿದ್ದಿದ್ದ ಕೆಲಸವು 23 ದಿನಗಳೊಳಗೆ ಎದ್ದಿತು. ಬಿಟ್ಟುಬಿಟ್ಟು ಬಹು ಕಾಲವಾಯಿತು, ಇನ್ನು ಯಾವ ಮುಖದಿಂದ ಆರಂಭಿಸೋಣ ಎಂದು ನಾಚುವವರಿಗೆ ಇದು ಆದರಣೆಯ ಮಾತಾಗಿದೆ. ಕಳೆದ ವರುಷಗಳ ಲೆಕ್ಕವನ್ನು ದೇವರು ಅವರಿಂದ ಕೇಳಲಿಲ್ಲ. ತಾನು ಅವರ ಸಂಗಡ ಇದ್ದೇನೆಂದು ಹೇಳಿಕಳುಹಿಸಿದನು.

5. ಅಪ್ಪಣೆಯು ಆಮೇಲೆ ಬಂತು

ಕೆಲಸವು ನಡೆಯುತ್ತಿರುವಾಗ ನದಿಯಾಚೆಯ ಪ್ರಾಂತದ ಅಧಿಪತಿಯಾದ ತತ್ತೆನೈಯು ಬಂದು, ಈ ಆಲಯವನ್ನು ಕಟ್ಟುವದಕ್ಕೆ ನಿಮಗೆ ಯಾರು ಅಪ್ಪಣೆಕೊಟ್ಟರೆಂದು ವಿಚಾರಿಸಿ, ಮುಖಂಡರ ಹೆಸರುಗಳನ್ನು ಕೇಳಿದನು. ಕ್ರಿ. ಪೂ. 502ನೆಯ ವರುಷದ ಬಾಬೆಲಿನ ಒಂದು ಮಣ್ಣಿನ ಪತ್ರದಲ್ಲಿ ಈ ಅಧಿಪತಿಯ ಹೆಸರು ಅದೇ ಪದವಿಯೊಡನೆ ಕಾಣಬರುವದರಿಂದ, ಎಜ್ರನ ಗ್ರಂಥದ ಈ ವಿವರಕ್ಕೆ ಹೊರಗಿನ ಸಾಕ್ಷಿಯೂ ದೊರಕಿರುತ್ತದೆ.

ಹಿರಿಯರು ಕೊಟ್ಟ ಉತ್ತರವನ್ನು ನೋಡಿರಿ. ಅವರು ಓಡಿಹೋಗಲಿಲ್ಲ, ಜಗಳವಾಡಲಿಲ್ಲ, ಸುಳ್ಳು ಹೇಳಲಿಲ್ಲ. ತಾವು ಪರಲೋಕ ಭೂಲೋಕಗಳ ದೇವರ ಸೇವಕರೆಂದರು. ತಮ್ಮ ಪಿತೃಗಳು ದೇವರಿಗೆ ಕೋಪವನ್ನೆಬ್ಬಿಸಿದ್ದರಿಂದಲೇ ಮೊದಲಿನ ಆಲಯವು ಹಾಳಾಯಿತೆಂದು ತಮ್ಮ ಮನೆತನದ ಅವಮಾನವನ್ನೂ ಒಪ್ಪಿಕೊಂಡರು. ಕೋರೆಷನ ಅಪ್ಪಣೆಯು ಉಂಟೆಂದು ಹೇಳಿದರು. ವಿಚಾರಣೆಯು ನಡೆಯುತ್ತಿದ್ದಾಗ ಕೆಲಸವನ್ನು ನಿಲ್ಲಿಸಲಿಲ್ಲ. ಹುಡುಕಿದಾಗ ಮೇದ್ಯ ಸೀಮೆಯ ಅಹ್ಮೆತಾ ಎಂಬ ಕೋಟೆಯಲ್ಲಿ ಆ ಸುರುಳಿಯು ಸಿಕ್ಕಿತು. ಅದರಲ್ಲಿ ಆಲಯದ ಅಳತೆಯೂ, ವೆಚ್ಚವನ್ನು ಅರಮನೆಯಿಂದ ಕೊಡಬೇಕೆಂಬ ಮಾತೂ ಬರೆದಿದ್ದವು. ದಾರ್ಯಾವೆಷನು ಅದನ್ನು ದೃಢಪಡಿಸಿ, ತಡೆಯುವದಕ್ಕೆ ಬಂದಿದ್ದ ತತ್ತೆನೈಯೇ ಖರ್ಚನ್ನು ಕೊಡಬೇಕೆಂದು ಆಜ್ಞಾಪಿಸಿದನು.

ಇದರ ಕ್ರಮವನ್ನು ಮನಸ್ಸಿನಲ್ಲಿಡೋಣ. ದಾರ್ಯಾವೆಷನ ಆಜ್ಞೆ ಬಂದದ್ದು ಅವರು ಕೆಲಸಕ್ಕೆ ಕೈಹಾಕಿದ ಮೇಲೆ. ದಾರಿಯೆಲ್ಲಾ ಸಮವಾಗುವ ತನಕ ಕಾದಿದ್ದರೆ ಆ ಸುರುಳಿಯನ್ನು ಯಾರೂ ಹುಡುಕುತ್ತಿರಲಿಲ್ಲ. ಅದು ಕೋಟೆಯ ಪೆಟ್ಟಿಗೆಯಲ್ಲಿಯೇ ಬಿದ್ದಿರುತ್ತಿತ್ತು. ದೇವರು ಅನೇಕ ಸಾರಿ ಸಹಾಯವನ್ನು ಮೊದಲೇ ಬರೆದಿಟ್ಟಿರುತ್ತಾನೆ. ನಾವು ವಿಧೇಯರಾಗಿ ಹೆಜ್ಜೆಯಿಟ್ಟ ಮೇಲೆ ಅದು ಬೆಳಕಿಗೆ ಬರುತ್ತದೆ.

6. ಕಲ್ಲು ಮುಟ್ಟಿದವನೆಲ್ಲಾ ಪರಿಶುದ್ಧನಲ್ಲ

ಕೆಲಸವು ಪುನಃ ಎದ್ದು ಮೂರು ತಿಂಗಳಾದಾಗ, ಒಂಭತ್ತನೆಯ ತಿಂಗಳಿನ 24ನೆಯ ದಿನದಲ್ಲಿ, ಹಗ್ಗಾಯನು ಯಾಜಕರಿಗೆ ಎರಡು ಪ್ರಶ್ನೆಗಳನ್ನು ಹಾಕಿದನು. ಪರಿಶುದ್ಧ ಮಾಂಸವನ್ನು ಸೆರಗಿನಲ್ಲಿ ಕಟ್ಟಿಕೊಂಡವನ ಸೆರಗು ರೊಟ್ಟಿಗೋ ಎಣ್ಣೆಗೋ ತಗಲಿದರೆ ಅದು ಪರಿಶುದ್ಧವಾಗುವದೋ? ಇಲ್ಲವೆಂದರು. ಹೆಣವನ್ನು ಮುಟ್ಟಿದವನು ತಗಲಿದರೆ ಅದು ಅಶುದ್ಧವಾಗುವದೋ? ಹೌದೆಂದರು. ಈ ಜನರ ಕೈಕೆಲಸವೂ ಹೀಗೆಯೇ ಎಂದು ಪ್ರವಾದಿಯು ತೀರಿಸಿದನು.

ಉತ್ಸಾಹದಿಂದ ಕಟ್ಟುತ್ತಿರುವವರಿಗೆ ಇದು ಕಠಿನವಾದ ಮಾತು. ಆದರೂ ಬೇಕಾದ ಮಾತು. ರೋಗವು ಒಬ್ಬನಿಂದ ಒಬ್ಬನಿಗೆ ಅಂಟುವಂತೆ ಆರೋಗ್ಯವು ಅಂಟುವದಿಲ್ಲ. ಪ್ರಾರ್ಥನಾಮಂದಿರದ ಗೋಡೆಗೆ ಸುಣ್ಣ ಹಚ್ಚಿದ್ದರಿಂದ ಮನಸ್ಸಿನ ಹಗೆಯು ಬಿಳುಪಾಗುವದಿಲ್ಲ. ಕಾಣಿಕೆಯ ತಟ್ಟೆಯಲ್ಲಿ ಬಿದ್ದದ್ದರಿಂದ ಕೂಲಿಯವನಿಗೆ ಕಡಿಮೆ ಕೊಟ್ಟು ಉಳಿಸಿದ ಹಣವು ಶುದ್ಧವಾಗುವದಿಲ್ಲ. ಆದದರಿಂದ ಕೈಗಳಿಂದ ಕಟ್ಟುವವನು ಹೃದಯದಿಂದ ದೇವರ ಕಡೆಗೆ ತಿರುಗಿಕೊಳ್ಳಬೇಕು. ಅದೇ ದಿನ ದೇವರು, ಇಂದಿನಿಂದ ನಿಮ್ಮನ್ನು ಆಶೀರ್ವದಿಸುವೆನೆಂದು ವಾಗ್ದಾನಮಾಡಿದನು. ದ್ರಾಕ್ಷೆಯೂ ಅಂಜೂರವೂ ಎಣ್ಣೇಮರವೂ ಆಗ ಇನ್ನೂ ಫಲಕೊಟ್ಟಿರಲಿಲ್ಲ. ಫಲವು ಕಣ್ಣಿಗೆ ಬೀಳುವದಕ್ಕಿಂತ ಮೊದಲೇ ಮಾತು ಬಂತು. ಆ ಮಾತನ್ನು ನಂಬಿಕೊಂಡೇ ಅವರು ಕಟ್ಟಬೇಕಾಗಿತ್ತು.

7. ಅಲ್ಪವಾದ ಆಲಯದ ಮಹಿಮೆ

ದಾರ್ಯಾವೆಷನ ಆರನೆಯ ವರುಷ, ಅದಾರ್ ತಿಂಗಳಿನ 3ನೆಯ ದಿನದಲ್ಲಿ, ಅಂದರೆ ಕ್ರಿ. ಪೂ. 515ನೆಯ ವರುಷದಲ್ಲಿ, ಆಲಯವು ಮುಗಿಯಿತು. ಪ್ರತಿಷ್ಠೆಗೆ 100 ಹೋರಿಗಳು, 200 ಟಗರುಗಳು, 400 ಕುರಿಮರಿಗಳು. ಸೊಲೊಮೋನನ ಪ್ರತಿಷ್ಠೆಯಲ್ಲಾದರೋ ದನಗಳು 22,000, ಕುರಿಗಳು 1,20,000. ಒಡಂಬಡಿಕೆಯ ಮಂಜೂಷವೂ ಹೊಸ ಆಲಯದಲ್ಲಿ ಇರಲಿಲ್ಲ. ಆದರೂ ಆ ಬಡವರು ಇಸ್ರಾಯೇಲಿನ ಹನ್ನೆರಡು ಕುಲಗಳಿಗಾಗಿ 12 ಹೋತಗಳನ್ನು ಸಮರ್ಪಿಸಿದರು. ಚದರಿಹೋದ, ಕಣ್ಣಿಗೆ ಕಾಣದ ಸಹೋದರರನ್ನೂ ಅವರು ಲೆಕ್ಕಕ್ಕೆ ಹಿಡಿದರು.

ಅಲ್ಪ ಕಾರ್ಯಗಳ ದಿನವನ್ನು ತಾತ್ಸಾರಮಾಡಬಾರದೆಂದೂ, ಬಲದಿಂದಲ್ಲ ತನ್ನ ಆತ್ಮದಿಂದಲೇ ಇದು ಆಗುವದೆಂದೂ ದೇವರು ಜೆಕರ್ಯನ ಮುಖಾಂತರ ಹೇಳಿದ್ದನು. ಈ ಆಲಯದ ಮಹಿಮೆಯು ಮೊದಲಿನದಕ್ಕಿಂತ ಹೆಚ್ಚಾಗುವದೆಂದು ಹಗ್ಗಾಯನೂ ಸಾರಿದ್ದನು. ಅದು ಹೇಗೆ ನೆರವೇರಿತು? ಹೆರೋದನು ಸುಮಾರು ಕ್ರಿ. ಪೂ. 20ರಿಂದ ಅದನ್ನು ವಿಸ್ತಾರಮಾಡಿ ಕಟ್ಟಿಸಿದನು. ಆದರೆ ಮಹಿಮೆಯು ಅವನ ದೊಡ್ಡ ಕಲ್ಲುಗಳಲ್ಲಿ ಇರಲಿಲ್ಲ. ಆ ಕಲ್ಲುಗಳು ಕ್ರಿ. ಶ. 70ರಲ್ಲಿ ರೋಮಾಯರ ಕೈಯಿಂದ ಕೆಡವಲ್ಪಟ್ಟವು. ಅದೇ ಸ್ಥಳಕ್ಕೆ ಮರಿಯಳು ಬಡವರ ಕಾಣಿಕೆಯಾದ ಎರಡು ಪಕ್ಷಿಗಳನ್ನು ಅರ್ಪಿಸುವದಕ್ಕೆ ಬಂದು ಶಿಶುವಾದ ಯೇಸುವನ್ನು ತಂದಳು. ಮುದುಕನಾದ ಸಿಮೆಯೋನನು ಆತನನ್ನು ಎತ್ತಿಕೊಂಡನು. ಅಲ್ಲಿಯೇ ಬಡ ವಿಧವೆಯು ಎರಡು ಕಾಸುಗಳನ್ನು ಹಾಕಿದಾಗ ಕರ್ತನು ಕಂಡನು. ಬಡವರು ಕಟ್ಟಲಾರಂಭಿಸಿದ ಮನೆಗೆ ಬಡವರ ಕರ್ತನು ತಾನೇ ಬಂದನು. ಅತ್ತ ಮುದುಕರೂ ಆರ್ಭಟಿಸಿದ ಯೌವನಸ್ಥರೂ ಇದನ್ನು ಎಣಿಸಿರಲಿಲ್ಲ.

ಈಗ ದೇವರ ಆಲಯವು ಯಾವದೆಂದು ಕೇಳಿದರೆ, ಕ್ರಿಸ್ತನು ತನ್ನ ದೇಹವೆಂಬ ಆಲಯವನ್ನು ಕುರಿತು ಮಾತಾಡಿದನೆಂದು ಯೋಹಾನನು ಬರೆಯುತ್ತಾನೆ. ವಿಶ್ವಾಸಿಗಳು ಜೀವವುಳ್ಳ ಕಲ್ಲುಗಳೆಂದು ಪೇತ್ರನು ಬರೆಯುತ್ತಾನೆ. ಈ ಕಟ್ಟಡದಲ್ಲಿ ನಿಮ್ಮ ಊರಿನ ಚಿಕ್ಕ ಸಭೆಯೂ ಒಂದು ವರಸೆ ಕಲ್ಲಾಗಿದೆ. ಅಲ್ಲಿ ಯಾವ ಕೆಲಸವು ಅರ್ಧಕ್ಕೆ ನಿಂತಿದೆ? ಅದನ್ನು ನಿಲ್ಲಿಸಿದ್ದು ಯಾವ ಭಯ, ಅದನ್ನು ನಿಂತೇ ಇರಗೊಡಿಸಿದ್ದು ಯಾವ ಸುಖ? ಬೆಟ್ಟಕ್ಕೆ ಹೋಗಿ ತರಬೇಕಾದ ಮೊದಲನೆಯ ಮರವು ಯಾವದು? ಬರುವ ಭಾನುವಾರ ಸಭೆಯವರು ಕೂಡಿ ಈ ಮೂರು ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಂಡು, ಒಂದು ಕೆಲಸವನ್ನು ಹೆಸರಿಟ್ಟು ಗೊತ್ತುಮಾಡಿ, 23 ದಿನಗಳೊಳಗೆ ಕೈಹಾಕಲಿ. ಜೆರುಬ್ಬಾಬೆಲನ ಕೈಗಳು ಅಸ್ತಿವಾರ ಹಾಕಿದವು, ಅವನ ಕೈಗಳೇ ಅದನ್ನು ಮುಗಿಸಿದವು. ನಮ್ಮಲ್ಲಿ ಒಳ್ಳೇ ಕೆಲಸವನ್ನು ಆರಂಭಿಸಿದ ದೇವರು ಅದನ್ನು ಮುಗಿಸುವದಕ್ಕೂ ಶಕ್ತನಾಗಿದ್ದಾನೆ. ಆತನಿಗೇ ಮಹಿಮೆಯಾಗಲಿ. ಆಮೆನ್.